ನಾಲ್ಕು ಗಂಟೆಯ ಟೈಲರು

"ಇವರ್ಯಾರು, ಹೇಳಿ ನೋಡೋಣ," ಎಂದಳು ನರ್ಸು, ಕೈಯಲ್ಲಿ ಫೈಲು ಹಿಡಿದು.

ಕಿಟಕಿ ಪಕ್ಕ ಕೂತಿದ್ದಾಕೆ ಎದುರಿಗೆ ನಿಂತವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನರೆತ ಮೀಸೆ, ಇಸ್ತ್ರಿ ಹಾಕಿದ ಅಂಗಿ, ಆಗಷ್ಟೇ ಬಾಚಿದ ಕೂದಲು. ಅರವತ್ತೆಂಟರ ಟೈಲರು ಫಲಿತಾಂಶಕ್ಕೆ ಕಾದವರಂತೆ ಉಸಿರು ಬಿಗಿಹಿಡಿದಿದ್ದರು.

"ಡಾಕ್ಟರಾ?"

"ಅಲ್ಲಮ್ಮ, ನಿಮ್ಮ ಯಜಮಾನ್ರು. ಗೋಡೆ ಮೇಲೆ ಫೋಟೋ ಇದೆಯಲ್ಲ, ಕೆಳಗೆ ಬರೆದಿರೋದನ್ನ ಓದಿ."

ಆಕೆ ಓದಿದಳು. "ನಮ್ಮನೆಯವರಿಗೆ ಇಷ್ಟು ವಯಸ್ಸಾಗಿಲ್ಲ," ಎಂದು ಬಿಕ್ಕತೊಡಗಿದಳು. ನರ್ಸು ಫೈಲಿನಲ್ಲಿ 'ತಪ್ಪು' ಎಂದು ಬರೆದುಕೊಂಡಳು.

ಆ ಫೋಟೋ ಅಂಟಿಸಿದ್ದು ಟೈಲರೇ. ದಿನಾ ಈ ಪ್ರಶ್ನೆ ಕೇಳಿ ಎಂದು ದುಂಬಾಲು ಬಿದ್ದಿದ್ದೂ ಅವರೇ. ನೆನಪೆಂದರೆ ಹೊಲಿಗೆ ಮಿಷನ್ನಿನ ಹಾಗೆ, ತುಳಿಯುತ್ತಿದ್ದರೆ ಓಡುತ್ತಿರುತ್ತದೆ ಎಂದು ಅವರ ಎಣಿಕೆ. ಆರೈಕೆ ಕೇಂದ್ರದವರೂ ಚಾಚೂ ತಪ್ಪದೆ ಪಾಲಿಸಿದ್ದರು. ಹೀಗೆ ಎಲ್ಲರೂ ಸೇರಿ, ಒಳ್ಳೆಯ ಮನಸ್ಸಿನಿಂದಲೇ, ಒಬ್ಬ ಹೆಂಗಸನ್ನು ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಅಳಿಸುತ್ತಿದ್ದರು.

ಅಂದು ಮೇಲ್ವಿಚಾರಕಿ ಟೈಲರನ್ನು ಆಫೀಸಿಗೆ ಕರೆಸಿದಳು. "ನೀವು ಬಂದು ಹೋದ್ಮೇಲೆ ಅವರು ಊಟ ಮುಟ್ಟಲ್ಲ ಸರ್. ತೂಕ ಇಳೀತಿದೆ. ಹೀಗೇ ಆದ್ರೆ ತಿಂಗಳಿಗೊಂದು ಸಲ ಮಾತ್ರ ಬನ್ನಿ ಅನ್ಬೇಕಾಗುತ್ತೆ."

"ನಂಗೆ ಇಡೀ ದಿನದಲ್ಲಿ ಇರೋದೇ ಆ ಒಂದು ಗಂಟೆ ಕಣಮ್ಮ."

ಮೇಲ್ವಿಚಾರಕಿ ಅವರಿಗೆ ಕುರ್ಚಿ ತೋರಿಸಿದಳು. "ಮರೆವಿನ ಕಾಯಿಲೆಯವರನ್ನ ಹೇಗೆ ನೋಡ್ಕೋಬೇಕು ಅಂತ ತರಬೇತಿ ಕೊಡೋಕೆ ಒಬ್ರು ಬರ್ತಿದಾರೆ. ಎರಡು ದಿನ ಡ್ಯೂಟಿ ಹಂಚೋದೇ ನಂಗೆ ತಲೆನೋವು, ಉಪಯೋಗ ಆಗುತ್ತೆ ಅಂತ ನಂಬಿಕೆಯೂ ಇಲ್ಲ. ನೀವೂ ಬಂದು ಕೂತ್ಕೊಳ್ಳಿ."

ಊಟದ ಹಾಲಿನಲ್ಲಿ ಅಡುಗೆಯವರಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರೂ ಕೂತರು. ತರಬೇತಿಯ ಮೇಡಂ ಭಾಷಣ ಮಾಡಲಿಲ್ಲ. ಟೈಲರನ್ನು ಮುಂದೆ ಕರೆದು ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಮಬ್ಬು ಕನ್ನಡಕ ಹಾಕಿದರು. ಒಂದು ಅಂಗಿ ಕೊಟ್ಟು, ಗುಂಡಿ ಹಾಕಿ ಎಂದರು. ಅಡುಗೆಯವನಿಗೆ ಮಾತ್ರ, ಇವರನ್ನು ಒಂದೇ ಸಮನೆ ಪ್ರಶ್ನೆ ಕೇಳುತ್ತಿರು ಎಂದು ಹೇಳಿಕೊಟ್ಟಿದ್ದರು.

ಜೀವಮಾನವೆಲ್ಲ ಗುಂಡಿ ಹೊಲಿದ ಬೆರಳುಗಳಿಗೆ ಒಂದು ಗುಂಡಿಯೂ ಸಿಕ್ಕಲಿಲ್ಲ. "ಇವತ್ತು ಯಾವ ವಾರ? ನನ್ನ ಹೆಸರೇನು? ಆಗಲೇ ಹೇಳಿದ್ನಲ್ಲ, ಅಷ್ಟೂ ಗೊತ್ತಿಲ್ವಾ?" ಎಂದು ಅಡುಗೆಯವನು ಕಿವಿಯ ಬಳಿ ಕೂಗುತ್ತಲೇ ಇದ್ದ. ಟೈಲರು ಅಂಗಿಯನ್ನು ಕೆಳಗಿಟ್ಟರು. "ಸಾಕು, ನಿಲ್ಸಪ್ಪ," ಎಂದರು.

ಮೇಡಂ ಮೆಲ್ಲಗೆ ಗ್ಲೌಸು ಬಿಚ್ಚಿದರು. "ಮರೆವಿನವರಿಗೆ ದಿನವೂ ಹೀಗೇ ಅನ್ಸುತ್ತೆ. ಅವರನ್ನ ಪರೀಕ್ಷೆ ಮಾಡ್ಬೇಡಿ, ತಿದ್ದಬೇಡಿ. ಅವರು ಯಾವ ಕಾಲದಲ್ಲಿ ಇದಾರೋ ಅಲ್ಲಿಗೆ ನೀವೇ ಹೋಗಿ."

"ಅಲ್ಲಿ ಈ ಮುದುಕನಿಗೆ ಜಾಗ ಇಲ್ವಲ್ಲಮ್ಮ."

ಮೇಡಂ ಮಬ್ಬು ಕನ್ನಡಕವನ್ನೂ ತೆಗೆದಿಟ್ಟರು. "ಹಾಗಾದ್ರೆ ಹೊಸಬರಾಗಿ ಹೋಗಿ. ಕಷ್ಟ. ಆದ್ರೂ ಹೋಗಿ."

ಅಂದೇ ಮೇಲ್ವಿಚಾರಕಿ ಗೋಡೆಯ ಫೋಟೋ ಕಿತ್ತಳು. ನರ್ಸು ಫೈಲು ಬದಿಗಿಟ್ಟು, ಎದುರಿಗೆ ಕೂತು, ಕಣ್ಣು ನೋಡಿ ಮಾತಾಡುವುದನ್ನು ಕಲಿತಳು. ಕೆಲವೇ ವಾರಗಳಲ್ಲಿ, ಸ್ನಾನದ ಹೊತ್ತಿನಲ್ಲಿ ರೋಗಿಗಳ ಕಿರುಚಾಟ ಅರ್ಧಕ್ಕರ್ಧ ಇಳಿಯಿತು. ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಈ ತರಬೇತಿ ಆಗಲೇಬೇಕೆಂದು ಈಗ ಹಟ ಹಿಡಿದವಳು ಅದೇ ಮೇಲ್ವಿಚಾರಕಿ.

ತರಬೇತಿ ಮುಗಿದ ಮರುದಿನ ನಾಲ್ಕಕ್ಕೆ ಟೈಲರು ಬಾಗಿಲಲ್ಲಿ ನಿಂತು, "ಕೂರಬಹುದಾ?" ಎಂದರು.

"ಕುರ್ಚಿ ನಮ್ಮಪ್ಪನ ಮನೆಯದೇನಲ್ಲ, ಕೂತ್ಕೊಳ್ಳಿ."

ಅವರಿಗೆ ನಗು ತಡೆಯಲಾಗಲಿಲ್ಲ. ಈ ನಾಲಿಗೆಗೇ ಅವರು ಒಂದು ಕಾಲದಲ್ಲಿ ಮರುಳಾದದ್ದು.

"ಏನು ಕೆಲಸ ನಿಮ್ದು?"

"ಟೈಲರು."

"ಸುಳ್ಳು. ಎಲ್ಲಿ, ಬೆರಳು ತೋರಿಸಿ."

ಅವರು ಎಡಗೈ ಚಾಚಿದರು. ಆಕೆ ತೋರುಬೆರಳು ಹಿಡಿದು ಬೆಳಕಿಗೆ ತಿರುಗಿಸಿ, ಸೂಜಿ ಚುಚ್ಚಿದ ಗುರುತುಗಳನ್ನು ನೋಡಿ, ಕಣ್ಣಂಚಿನಲ್ಲೇ ತುಂಟ ನಗೆ ನಕ್ಕಳು. ಹನ್ನೊಂದು ತಿಂಗಳ ಮೇಲೆ ಆಕೆ ಅವರನ್ನು ತಾನಾಗಿ ಮುಟ್ಟಿದ್ದಳು. ಟೈಲರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಆಕೆ ಊಟ ಮಾಡತೊಡಗಿದಳು. ಮೂರೂವರೆಗೇ ತಲೆ ಬಾಚಿಕೊಂಡು ಬಾಗಿಲಿನ ಕಡೆ ನೋಡುತ್ತಾಳೆಂದು ನರ್ಸು ಹೇಳಿದಳು. ಟೈಲರಿಗೆ ಹಿಗ್ಗು. ಅದರ ಹಿಂದೆಯೇ, ಗಂಡನಿಗೆ ಸಿಗದ್ದು ಈ ಹೊಸಬನಿಗೆ ಸಿಕ್ಕಿತಲ್ಲ ಎಂದು ತಮ್ಮ ಮೇಲೇ ತಮಗೆ ಹೊಟ್ಟೆಕಿಚ್ಚು.

ಒಂದು ಸಂಜೆ ಅವರು ತಿಳಿನೀಲಿ ಬಟ್ಟೆ ತಂದರು. "ನಿಮಗೊಂದು ಗೌನು ಹೊಲಿದುಕೊಡ್ಲಾ?"

ಆಕೆ ಬಟ್ಟೆಯನ್ನು ಸವರಿದಳು. ಆಮೇಲೆ ಅಂಚಿಗೆ ಅಂಚು ಕೂಡಿಸಿ ಮಡಚಿ ಅವರ ತೊಡೆಯ ಮೇಲಿಟ್ಟಳು. "ಬೇಡ. ನಾಳೆಯಿಂದ ನೀವು ಬರ್ಬೇಡಿ."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ತಪ್ಪು ನಂದು. ನಾಲ್ಕು ಗಂಟೆ ಯಾವಾಗ ಆಗುತ್ತೋ ಅಂತ ಕಾಯ್ತೀನಿ. ಅದು ಸರಿಯಲ್ಲ. ನಮ್ಮನೆಯವರೂ ಟೈಲರೇ. ಮದುವೆ ಆದಾಗಿಂದ ನನ್ನ ಬಟ್ಟೆಗೆ ಬೇರೆಯವರು ಕತ್ತರಿ ಹಾಕಿಲ್ಲ. ಹೊರಗೆ ಕೊಟ್ಟೆ ಅಂತ ಗೊತ್ತಾದ್ರೆ ಬಾಯಿಬಿಟ್ಟು ಏನೂ ಅನ್ನಲ್ಲ, ಒಳಗೊಳಗೇ ನೊಂದ್ಕೋತಾರೆ."

'ಅದು ನಾನೇ ಕಣೇ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಿಬಿಟ್ಟರೆ ಆಕೆ ಈ ಮುಖದಲ್ಲಿ ಆ ಮುಖವನ್ನು ಹುಡುಕುತ್ತಾಳೆ, ಸಿಗದೆ ಅಳುತ್ತಾಳೆ. ಟೈಲರು ಮಾತು ನುಂಗಿಕೊಂಡರು. ಅಷ್ಟು ಸಂಕಟ ಅವರು ಹಿಂದೆಂದೂ ಪಟ್ಟಿರಲಿಲ್ಲ.

"ಎಲ್ಲಿದಾರೆ ಅವರು?"

"ಅಂಗಡೀಲಿ. ಕೆಲಸ ಜಾಸ್ತಿ ಇರ್ಬೇಕು. ಬಂದು ತುಂಬಾ ದಿನ ಆಯ್ತು."

"ನಾನು ಆ ಕಡೆಗೇ ಹೋಗ್ತಿದೀನಿ. ಏನಾದ್ರೂ ಹೇಳ್ಬೇಕಾ?"

ಆಕೆಯ ಕೆನ್ನೆ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ ಹೇಳಿದಳು. "ನಂಗೆ ಸಿಟ್ಟಿಲ್ಲ, ಬೇಗ ಬರ್ಲಿ ಅನ್ನಿ. ಆಮೇಲೆ... ಎದುರಿಗೆ ಹೇಳೋಕೆ ನಾಚಿಕೆ ಆಗಿ ಸುಮ್ನಿದ್ದೆ. ಅವರಂದ್ರೆ ನಂಗೆ ಪ್ರಾಣ. ಅವರಿಗದು ಗೊತ್ತೋ ಇಲ್ವೋ."

"ಹೇಳ್ತೀನಿ," ಎಂದರು ಟೈಲರು. "ಇವತ್ತೇ ಹೇಳ್ತೀನಿ."

ಬಾಗಿಲ ಬಳಿ ಎಲ್ಲ ಕೇಳಿಸಿಕೊಂಡಿದ್ದ ನರ್ಸು ತಡೆದಳು. "ನಾಳೆ ಬನ್ನಿ ಅಂಕಲ್. ಬರಬೇಡಿ ಅಂದಿದ್ದು ಅಮ್ಮನಿಗೆ ನೆನಪಿರಲ್ಲ, ನಾಲ್ಕು ಗಂಟೆಯ ಖುಷಿ ಮಾತ್ರ ಉಳಿದಿರುತ್ತೆ."

"ಬರ್ತೀನಮ್ಮ. ಆದ್ರೆ ಟೈಲರು ಅನ್ನಲ್ಲ. ಗಿಡಕ್ಕೆ ನೀರು ಹಾಕೋನು ಅಂತೀನಿ. ಸ್ವಲ್ಪ ದೂರ ಕೂರ್ತೀನಿ. ಅವಳನ್ನ ಇನ್ನೊಂದು ಸಲ ಇಂಥ ಇಕ್ಕಟ್ಟಿಗೆ ಸಿಕ್ಸಬಾರ್ದು."

ಗೇಟಿನ ಹೊರಗಿನ ಬೆಂಚಿನವರೆಗೆ ಅವರು ಹೇಗೋ ನಡೆದರು. ಅಲ್ಲಿ ಕೂತು, ಆ ನೀಲಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.