ಕೊನೆಯ ಗಾಡಿ

ಅಂಗಡಿಯಲ್ಲಿ ಎರಡು ಬಗೆಯ ಡ್ರೋನ್ ಇದ್ದವು. ಒಂದು ಗಾಡಿಯಲ್ಲಿಟ್ಟ ಪುಟ್ಟ ಬಿಲ್ಲೆ ಕಳಿಸುವ ರೇಡಿಯೊ ಸಂಕೇತ ಹಿಡಿದು ಹಿಂಬಾಲಿಸುತ್ತದೆ, ಇನ್ನೊಂದು ಗಾಡಿಯನ್ನು ನೋಡಿಯೇ ಹಿಂಬಾಲಿಸುತ್ತದೆ. ನಾನು ನೋಡುವುದನ್ನೇ ಆರಿಸಿದೆ.

"ಅಲ್ಲ ಮಾರಾಯ, ಗಾಡಿ ಮರಳುದಿಬ್ಬದ ಮರೆಗೆ ಹೋದ್ರೆ ಅದು ಯಾರನ್ನ ನೋಡುತ್ತೆ?" ಎಂದು ಗೆಳತಿ ಲೀಯನ್ ಆಗಲೇ ಛೇಡಿಸಿದ್ದಳು.

ಆಸ್ಟ್ರೇಲಿಯದ ಸಿಂಪ್ಸನ್ ಮರುಭೂಮಿಗೆ ಹೋದದ್ದು ಎರಡೇ ಗಾಡಿ: ಮುಂದೆ ನನ್ನದು, ಹಿಂದೆ ಅವಳದು. ಪ್ರತಿ ದಿಬ್ಬ ದಾಟಿದ ಮೇಲೆ ಹಿಂದಿನವರು ರೇಡಿಯೊದಲ್ಲಿ "ಕೊನೆಯವರು ದಾಟಿದ್ವಿ" ಎನ್ನಬೇಕು. ಅಲ್ಲಿಯತನಕ ಯಾರೂ ಮುಂದೆ ಹೋಗುವಂತಿಲ್ಲ. ಡ್ರೋನಿಗೂ ಕೊನೆಯ ಗಾಡಿಯನ್ನೇ ಹಿಂಬಾಲಿಸು ಎಂದಿದ್ದೆ.

ಮಟಮಟ ಮಧ್ಯಾಹ್ನ ಲೀಯನ್ ದೊಡ್ಡ ದಿಬ್ಬ ದಾಟಿ ಬಂದು ನಿಂತಳು. ಡ್ರೋನ್ ಬರಲಿಲ್ಲ. ನನ್ನ ಕೈಯಲ್ಲಿದ್ದ ಅದರ ಪರದೆಯಲ್ಲಿ ದಿಬ್ಬದಾಚೆಯ ಬರಿ ಮರಳು ಕಾಣುತ್ತಿತ್ತು. ಗುರಿ ತೋರಿಸುವ ಹಳದಿ ಚೌಕದೊಳಗೆ ಏನೂ ಇರಲಿಲ್ಲ, ಆದರೂ ಆ ಚೌಕ ನಿಧಾನವಾಗಿ ದಿಬ್ಬ ಹತ್ತುತ್ತಿತ್ತು.

"ಕೊನೆಯವರು ದಾಟಿದ್ವಿ ಅಂದ್ಬಿಡು, ಹೊರಡೋಣ" ಎಂದೆ.

"ನೀನೇ ಹೇಳ್ಕೋ. ಸುಳ್ಳು ಹೇಳಿ ಯಾರನ್ನೋ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ."

ಕಾದೆವು. ಬ್ಯಾಟರಿ ಮುಗಿಯುವ ಹೊತ್ತಿಗೆ ಡ್ರೋನ್ ಬಂದು ಲೀಯನ್ ಗಾಡಿಯ ಹಿಂದೆ, ಇನ್ನೊಂದು ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು ಇಳಿಯಿತು. ಎತ್ತಿಕೊಳ್ಳಲು ಹೋದಾಗ ಆ ಜಾಗದಲ್ಲಿ ಕೈಯೂರಿದೆ. ಸುತ್ತಲಿನ ಮರಳು ಕಾದ ಹೆಂಚಾಗಿತ್ತು. ಅಲ್ಲಿ ಮಾತ್ರ, ಬೆಳಗಿನಿಂದ ನೆರಳಲ್ಲೇ ಇದ್ದಂತೆ, ತಣ್ಣಗಿತ್ತು.