ಊಟದ ಡಬ್ಬಿಯಲ್ಲಿದ್ದ ಜಿಪಿಎಸ್

ಬೈಕು ಇತ್ತು. ಹ್ಯಾಂಡಲಿಗೆ ಬಿಗಿದ ಊಟದ ಡಬ್ಬಿಯೂ ಇತ್ತು. ಡಬ್ಬಿಯೊಳಗಿನ ಜಿಪಿಎಸ್ ಮಾತ್ರ ಇರಲಿಲ್ಲ.

ಆಗಸ್ಟ್ ಹನ್ನೆರಡು, ಮಧ್ಯಾಹ್ನ ಎರಡು ಗಂಟೆ. ಮಂದಿರದ ಅಂಗಳದಲ್ಲಿ ಶೋಗೆನ್ ಗುರುಗಳು ಬೈಕಿನ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ವಯಸ್ಸು ಇಪ್ಪತ್ತೊಂಬತ್ತು. ಹಳೆಯ ಗುರುಗಳು ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ಮೇಲೆ ಮಾರ್ಚಿನಲ್ಲಿ ಒಸಾಕಾದಿಂದ ಬಂದವರು.

"ಊಟ ಮಾಡಿ ಒಂದು ಗಳಿಗೆ ಅಡ್ಡಾದೆ ಸಾಹೇಬ್ರೇ. ಎದ್ದು ನೋಡಿದ್ರೆ ಹೀಗೆ."

ಸಾಹೇಬ ಅಂದರೆ ನಾನು. ಹೆಸರು ಕುರಮೋಟೊ. ಕಮೆಉರ ಊರಿಗೆ ಇರುವವನು ನಾನೊಬ್ಬನೇ ಪೊಲೀಸ್. ಠಾಣೆಯೂ ಮನೆಯೂ ಒಂದೇ ಕಟ್ಟಡ. ಮುಂದಿನ ಕೋಣೆಯಲ್ಲಿ ಸರ್ಕಾರ, ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ಇತ್ಸುಕೊ. ಹನ್ನೊಂದು ವರ್ಷದಲ್ಲಿ ನಾನು ಹಿಡಿದ ದೊಡ್ಡ ಅಪರಾಧಿ ಎಂದರೆ ಕಿತ್ತಳೆ ತೋಟಕ್ಕೆ ನುಗ್ಗಿದ ಒಂದು ಕಾಡುಹಂದಿ. ಅದನ್ನೂ ಹಿಡಿದದ್ದು ನಾನಲ್ಲ ಅನ್ನುವವರಿದ್ದಾರೆ.

ಆ ಜಿಪಿಎಸ್ ಊರಿಗೆಲ್ಲ ಗೊತ್ತಿತ್ತು. ಕಾರಿಗೆಂದು ಮಾಡಿದ ಹಳೆಯ ಸೆಟ್ಟು. ಅದನ್ನು ಬೈಕಿಗೆ ಕೂರಿಸಲು ಗುರುಗಳು, ಮೆಕ್ಯಾನಿಕ್ ತೊಕಿತಾ ಇಬ್ಬರೂ ಒಂದು ವಾರ ಬೆವರು ಸುರಿಸಿದ್ದರು. ಮಳೆಗೆ ನೆನೆಯದಿರಲೆಂದು ಪಾರದರ್ಶಕ ಮುಚ್ಚಳದ ಊಟದ ಡಬ್ಬಿ. ಅದುರದಿರಲೆಂದು ಅಡಿಯಲ್ಲಿ ಹಳೆ ಟ್ಯೂಬಿನ ತುಂಡು. ಬಿಸಿಲಿಗೆ ಪರದೆ ಕಾಣದೆಂದು ರಟ್ಟಿನ ಮರೆ. ಗುಂಡಿಗಳಲ್ಲಿ ಹಾರಿ ಪ್ಲಗ್ಗು ಕಳಚುತ್ತದೆಂದು ತಂತಿಯನ್ನು ನೇರ ಬ್ಯಾಟರಿಗೇ ಬೆಸುಗೆ ಹಾಕಿದ್ದರು. ದನಿ ಕೇಳಲೆಂದು ಹೆಲ್ಮೆಟ್ಟಿನೊಳಗೊಂದು ಸ್ಪೀಕರು. ಇಷ್ಟೆಲ್ಲ ಆದ ಮೇಲೂ ಆ ಯಂತ್ರ ತಾನು ಕಾರಿನಲ್ಲೇ ಇದ್ದೇನೆಂದು ನಂಬಿತ್ತು.

"ನಾಳೆ ಬೆಳಿಗ್ಗೆ ಆರಕ್ಕೆ ಹೊರಡಬೇಕು. ಮೂರು ದಿನ, ಅರವತ್ತೆರಡು ಮನೆ. ಒಂದೊಂದು ಮನೆ ಮುಂದೆ ನಿಂತು ಆ ಜಾಗ ಅದರಲ್ಲಿ ಗುರುತು ಹಾಕಿದ್ದೆ. ಮೂರು ತಿಂಗಳ ಕೆಲಸ," ಎಂದರು ಗುರುಗಳು.

ನಾಳೆಯಿಂದ ಓಬೋನ್. ತೀರಿಹೋದವರು ಮನೆಗೆ ಬರುವ ದಿನಗಳು. ಗುರುಗಳು ಮನೆಮನೆಗೆ ಹೋಗಿ ಸೂತ್ರ ಓದಲೇಬೇಕು.

"ಯಾರನ್ನಾದ್ರೂ ದಾರಿ ಕೇಳಿದ್ರೆ ಆಯ್ತಪ್ಪ," ಎಂದೆ.

"ಯಾರ ಮನೆಗೆ ಅಂತ ಕೇಳ್ಲಿ? ಇಪ್ಪತ್ತಮೂರು ಮನೆಗೆ ಹಮಗುಚಿ ಅಂತಲೇ ಹೆಸರು."

ಅದೂ ನಿಜ. ಹೋದ ತಿಂಗಳು ಒಬ್ಬ ಹಮಗುಚಿಯ ವರ್ಷಾಬ್ದಿಕಕ್ಕೆ ಹೊರಟವರು ಇನ್ನೊಬ್ಬ ಹಮಗುಚಿಯ ಮನೆಗೆ ಹೋಗಿ ಅರ್ಧ ಸೂತ್ರ ಓದಿಬಿಟ್ಟಿದ್ದರು. ಯಾರಿಗೆ ಸದ್ಗತಿ ಕೋರುತ್ತಿದ್ದರೋ ಆತ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ. ಬಂದ ಗುರುಗಳಿಗೆ ಬೇಡ ಅನ್ನುವುದು ಹೇಗೆಂದು ಸಂಕೋಚವಂತೆ. ಆಮೇಲೆ ಊರ ಹಿರಿಯರು ಸೇರಿ ತೀರ್ಮಾನಿಸಿದ್ದರು: ಓಬೋನ್‌ನಲ್ಲಿ ಇನ್ನೊಂದು ಎಡವಟ್ಟಾದರೆ ಮಂದಿರವನ್ನು ಪಕ್ಕದ ಊರಿನ ಗುರುಗಳಿಗೆ ಒಪ್ಪಿಸುವುದು, ಶೋಗೆನ್ ವಾಪಸ್ ಒಸಾಕಾಕ್ಕೆ.

"ಪೇಟೆ ಕಳ್ಳರ ಕೆಲಸ. ಈಗಾಗಲೇ ಸೇತುವೆ ದಾಟಿರ್ತಾರೆ," ಎಂದು ನಾನು ನೋಟ್‌ಬುಕ್ ತೆಗೆದೆ.

ಹಿಂದಿನಿಂದ ಛತ್ರಿಯ ನೆರಳು ಬಿತ್ತು. ಇತ್ಸುಕೊ.

"ರೀ, ಕದಿಯೋಕೆ ಬಂದ ಕಳ್ಳ ತಂತಿಗೆ ಟೇಪ್ ಸುತ್ತಿ ಹೋಗ್ತಾನಾ?"

ನೋಡಿದೆ. ತಂತಿ ಕತ್ತರಿಸಿತ್ತು ನಿಜ. ಆದರೆ ತುದಿಗಳನ್ನು ಬೇರೆ ಬೇರೆ ಮಾಡಿ ನೀಟಾಗಿ ಟೇಪು ಸುತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿತ್ತು.

"ತಂತಿ ತಂತಿ ತಾಗಿದ್ರೆ ಬೈಕು ಕೆಡತ್ತೆ. ಕೆಡಬಾರದು ಅಂತ ಇವನಿಗೆ ಕಾಳಜಿ. ನಾಳೆ ಗುರುಗಳು ಹೊರಡಲೇಬೇಕು ಅನ್ನೋ ಕಳ್ಳ ಇವನು," ಎಂದಳು.

ನಾನು ನೋಟ್‌ಬುಕ್ಕಿನಲ್ಲಿ ಬರೆದಿದ್ದನ್ನು ಹೊಡೆದುಹಾಕಿದೆ.

* * *

ತಂತಿ, ಟೇಪು ಅಂದಮೇಲೆ ತೊಕಿತಾ. ಅವನು ಹನ್ನೆರಡೂವರೆಗೆ ಮಂದಿರದ ಕಡೆ ಹೋಗಿದ್ದನ್ನು ನೋಡಿದವರಿದ್ದರು. ಗ್ಯಾರೇಜಿಗೆ ನುಗ್ಗಿದೆ. ಮೇಜಿನ ಮೇಲೆ ಪರದೆಯಿರುವ ಕರಿಯ ಪೆಟ್ಟಿಗೆಯೊಂದು ಬಾಯಿ ಬಿಚ್ಚಿಕೊಂಡು ಕೂತಿತ್ತು. ನನ್ನ ಎದೆ ಹಿಗ್ಗಿತು.

"ಸಿಕ್ಕಿಬಿದ್ದೆ ತೊಕಿತಾ."

"ಯಾಕೆ, ಮೀನು ಹಿಡಿಯೋದು ಅಪರಾಧಾನಾ?"

ಅದು ದೋಣಿಯಲ್ಲಿ ಮೀನಿನ ಗುಂಪು ತೋರಿಸುವ ಯಂತ್ರ. ಆನ್ ಮಾಡಿಯೂ ತೋರಿಸಿದ. ಗ್ಯಾರೇಜಿನ ನೆಲದ ಕೆಳಗೆ ಮೀನಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಮಂದಿರದ ಕಡೆ ಹೋದದ್ದು ಅಲ್ಲಿನ ಅಂಗಡಿಯಲ್ಲಿ ಸೊಬಾ ಶಾವಿಗೆ ತಿನ್ನಲು.

ನಾನು ತಂದಿದ್ದ ತಂತಿಯ ತುದಿ ನೋಡಿ ಅವನು ಮೂತಿ ಸೊಟ್ಟ ಮಾಡಿದ. "ಇದು ನನ್ನ ಕೆಲಸ ಅಂದ್ರೆ ನನ್ನ ಮರ್ಯಾದೆ ಹೋಗತ್ತೆ. ಇದು ಕರೆಂಟಿನ ಟೇಪಲ್ಲ ಸಾಹೇಬ್ರೇ, ಗಿಡಕ್ಕೆ ಕಸಿ ಕಟ್ಟೋ ಟೇಪು. ಅಂಟೇ ಇರಲ್ಲ ಇದಕ್ಕೆ."

ಕಸಿ ಟೇಪು ಕಮೆಉರದಲ್ಲಿ ಯಾರ ಮನೆಯಲ್ಲಿಲ್ಲ? ಊರಿಡೀ ಕಿತ್ತಳೆ ತೋಟ. ನನ್ನ ಮನೆಯಲ್ಲೇ ಎರಡು ಸುರುಳಿ ಇವೆ. ಒಂದು ಕ್ಷಣ ನನ್ನ ಮೇಲೇ ಅನುಮಾನ ಬಂತು.

* * *

ಠಾಣೆಗೆ ಬಂದು ಬಾರ್ಲಿ ಚಹಾ ಕುಡಿಯುತ್ತ ಕೂತೆ. ಇತ್ಸುಕೊ ಬಾಗಿಲ ಪಕ್ಕದ ಮೊಳೆಯನ್ನೇ ನೋಡುತ್ತಿದ್ದಳು.

"ಸುತ್ತೋಲೆ ಇನ್ನೂ ಬಂದಿಲ್ಲ," ಎಂದಳು.

ಊರಿನ ಸುದ್ದಿ ಮನೆಯಿಂದ ಮನೆಗೆ ಒಂದು ಹಲಗೆಯ ಮೇಲೆ ಬರುತ್ತದೆ. ಓದಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ನಮಗೆ ಬಂದದ್ದನ್ನು ನಾವು ಈ ಮೊಳೆಗೆ ನೇತುಹಾಕುತ್ತೇವೆ.

"ಕಳ್ಳತನದ ಮಧ್ಯೆ ನಿಂಗೆ ಸುತ್ತೋಲೆ ಚಿಂತೆ."

"ಗುರುಗಳು ಯಾವ ಮನೆಗೆ ಎಷ್ಟು ಹೊತ್ತಿಗೆ ಬರ್ತಾರೆ ಅನ್ನೋ ಪಟ್ಟಿ ಅದರಲ್ಲಿದೆ ಕಣ್ರೀ. ಭಾನುವಾರ ಮಂದಿರದಿಂದ ಹೊರಟಿದ್ದು. ಓಬೋನ್ ನಾಳೆ. ಯಾರ ಮನೇಲಿ ನಿಂತಿದೆ?"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನೂ ಹಿಂದೆ. ಪಕ್ಕದ ಮನೆಗೆ ಬಂದಿರಲಿಲ್ಲ. ಅದರಾಚೆಯ ಮನೆಗೂ ಇಲ್ಲ. ಹಾಗೇ ಬಿಸಿಲಲ್ಲಿ ಗುಡ್ಡ ಹತ್ತಿ ಹತ್ತಿ, ಕೊನೆಗೆ ಒಕನೊ ಅಜ್ಜಿಯ ಜಗುಲಿಯಲ್ಲಿ ಸುಳಿವು ಸಿಕ್ಕಿತು.

"ನಾನು ಸೋಮವಾರವೇ ತೊಮೆಕಿಚಿಗೆ ಕೊಟ್ಟೆ," ಎಂದಳು ಅಜ್ಜಿ. "ಈ ಸಲ ನಮ್ಮನೆಗೇ ಮೊದಲು ಬರ್ತಾರಂತೆ. ಹತ್ತಿರದ ಮನೆ ಮೊದಲು ಅಂತ ಆ ಯಂತ್ರವೇ ಲೆಕ್ಕ ಹಾಕಿದ್ದಂತೆ. ಅದಕ್ಕೆಷ್ಟು ಬುದ್ಧಿ ನೋಡು, ತೊಮೆಕಿಚಿ ಮನೆ ಕೊನೇಗೆ ಹಾಕಿದೆ. ಹದಿನೈದನೇ ತಾರೀಕು ಸಂಜೆ."

ಇತ್ಸುಕೊ ನಿಂತಲ್ಲೇ ನಿಂತಳು. "ಮಂದಿರದ ಹಿತ್ತಿಲಿಗೆ ಅಂಟಿಕೊಂಡಿರೋ ಮನೆ ಅರವತ್ತೆರಡನೇದಾ?"

ಹಮಗುಚಿ ತೊಮೆಕಿಚಿ ಅಂದರೆ ಮಂದಿರಕ್ಕೆ ಸೇರಿದ ಮನೆಗಳಿಗೆಲ್ಲ ಯಜಮಾನ. ವಯಸ್ಸು ಎಪ್ಪತ್ತಾರು. ಶೋಗೆನ್ ಇರಬೇಕೋ ಹೋಗಬೇಕೋ ಎಂಬ ಸಭೆಯಲ್ಲಿ ಕಡೆಯ ಮಾತು ಅವರದೇ. ಅಂಥವರ ಬಾಗಿಲಿಗೆ ಹೋಗಿ ಏನೆಂದು ಕೇಳುವುದು? ನನ್ನ ಕಾಲು ನಿಧಾನವಾಯಿತು. ಇತ್ಸುಕೊಳ ಕಾಲು ಜೋರಾಯಿತು. ದಾರಿಯಲ್ಲಿ ಗುರುಗಳನ್ನೂ ಎಬ್ಬಿಸಿಕೊಂಡು ಮಂದಿರದ ಹಿಂದಿನ ಬಿದಿರಿನ ಸಂದಿಯಲ್ಲಿ ನುಗ್ಗಿದಳು. ಎರಡೇ ನಿಮಿಷದ ದಾರಿ.

"ಇಲ್ಲೊಂದು ದಾರಿ ಇದೆಯಾ?" ಎಂದರು ಗುರುಗಳು.

"ಬೈಕು ಹೋಗತ್ತೆ, ಕಾರು ಹೋಗಲ್ಲ," ಎಂದಳು ಇತ್ಸುಕೊ. "ನಿಮ್ಮ ಯಂತ್ರ ಕಾರಿಂದು. ಇದು ದಾರಿ ಅಂತಲೇ ಅದಕ್ಕೆ ಗೊತ್ತಿಲ್ಲ. ಸಮುದ್ರದ ಕಡೆಯಿಂದ ಸುತ್ತು ಹಾಕಿಸಿ ಇವರ ಮನೇನ ಕೊನೇಗೆ ತಳ್ಳಿದೆ."

* * *

ತೊಮೆಕಿಚಿಯ ಮನೆಯ ಸೂರಿನಲ್ಲಿ ಬಿಳಿಯ ಲಾಂದ್ರ ತೂಗುತ್ತಿತ್ತು. ತೀರಿಹೋದವರ ಮೊದಲ ಓಬೋನ್‌ಗೆ ಮಾತ್ರ ಕಟ್ಟುವ ಬಿಳಿ ಲಾಂದ್ರ. ಹೋದ ಅಕ್ಟೋಬರಿನಲ್ಲಿ ಅವರ ಹೆಂಡತಿ ಕಿಕುನೊ ತೀರಿಕೊಂಡಿದ್ದರು. ಸಾವಿನ ಮನೆಗೆ ನಾನೂ ಹೋಗಿದ್ದೆ. ನನಗೇ ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

"ಅಜ್ಜಾ, ಸುತ್ತೋಲೆ ತಗೊಂಡು ಹೋಗೋಣ ಅಂತ ಬಂದೆ," ಎಂದಳು ಇತ್ಸುಕೊ.

ಹಲಗೆ ಚಪ್ಪಲಿ ಗೂಡಿನ ಮೇಲೆಯೇ ಇತ್ತು. ಮುದ್ರೆ ಒತ್ತಿತ್ತು.

"ಮರೆತೆ," ಎಂದರು ತೊಮೆಕಿಚಿ.

"ನಲವತ್ತು ವರ್ಷದಲ್ಲಿ ಒಂದು ದಿನ ಮರೆತವರಲ್ಲ ನೀವು. ಊರೆಲ್ಲ ಓದಿಬಿಡತ್ತೆ ಅಂತ ತಡೆದಿಟ್ಟಿರಿ. ಕಿಕುನೊ ಅಜ್ಜಿಯ ಮೊದಲ ಓಬೋನು. ಮೊದಲ ಓಬೋನ್ ಮನೆಗೆ ಮೊದಲು ಬರೋದು ಪದ್ಧತಿ. ಇಲ್ಲಿ ನೋಡಿದ್ರೆ ಮೂರನೇ ದಿನ, ಗುರುಗಳ ಗಂಟಲು ಬಿದ್ದುಹೋದ ಮೇಲೆ. ಪಟ್ಟಿ ನೋಡಿದ ನಾಲ್ಕು ಮನೆಯವರಲ್ಲಿ ಮೂವರಿಗೆ ಖುಷಿಯಾಗಿದೆ. ಒಬ್ಬರಿಗೆ ಹೊಟ್ಟೆ ಉರಿದಿದೆ. ಆ ಒಬ್ಬರ ಮನೆಯಿಂದ ಮಂದಿರಕ್ಕೆ ಎರಡು ನಿಮಿಷ, ಯಾರ ಕಣ್ಣಿಗೂ ಬೀಳದ ದಾರಿ. ಕೈಯಲ್ಲಿ ಕಸಿ ಟೇಪು."

ತೊಮೆಕಿಚಿ ಎದ್ದು ಒಳಗೆ ಹೋದರು. ಪೂಜೆಯ ಗೂಡಿನಲ್ಲಿದ್ದ ಕಿಕುನೊ ಅವರ ಫೋಟೋ ಮುಂದಿನಿಂದ ಜಿಪಿಎಸ್ ತಂದು ಚಾಪೆಯ ಮೇಲಿಟ್ಟರು.

"ಇದರ ಪಟ್ಟೀಲಿ ನಮ್ಮನೆ ಮೊದಲು ಮಾಡಿ ಸಂಜೆ ವಾಪಸ್ ಇಟ್ಟುಬಿಡೋಣ ಅಂತಿದ್ದೆ."

"ಒಂದು ಮಾತು ಕೇಳಬಹುದಿತ್ತಲ್ಲ ಯಜಮಾನ್ರೇ," ಎಂದೆ.

"ಏನಂತ ಕೇಳ್ಲಿ? ಯಜಮಾನ ಅನ್ನಿಸ್ಕೊಂಡೋನು, ನಮ್ಮನೆಗೆ ಮೊದಲು ಬನ್ನಿ ಅಂತ ಬಾಯಿಬಿಟ್ಟು ಕೇಳೋದಾ? ಅದಕ್ಕಿಂತ ಕದಿಯೋದೇ ಮರ್ಯಾದೆ ಅನ್ನಿಸ್ತು."

ಶೋಗೆನ್ ಗುರುಗಳು ಹಣೆ ಚಾಪೆಗೆ ತಾಗುವಂತೆ ಬಾಗಿದರು. "ತಪ್ಪು ನಂದು. ಮನೆಗಳನ್ನ ಗುರುತು ಹಾಕಿದೆ, ಒಳಗೆ ಯಾರು ಇಲ್ಲ ಅಂತ ನೋಡಲಿಲ್ಲ. ತೀರಿಹೋದವರ ಹೆಸರೆಲ್ಲ ಮಂದಿರದ ಪುಸ್ತಕದಲ್ಲಿ ಬರೆದಿತ್ತು. ತೆಗೆದಿದ್ರೆ ಸಾಕಿತ್ತು."

"ಏಳಿ, ಏಳಿ," ಎಂದರು ತೊಮೆಕಿಚಿ, ಮುಖ ಇನ್ನಷ್ಟು ಸಪ್ಪೆ ಮಾಡಿಕೊಂಡು. "ಇನ್ನೊಂದು ವಿಷಯ ಇದೆ. ಅದನ್ನ ನನ್ನ ಟ್ರಕ್ಕಿನ ಬ್ಯಾಟರಿಗೆ ಸಿಕ್ಕಿಸಿ ಒತ್ತಿ ನೋಡಿದೆ. ಎಲ್ಲ ಅಳಿಸಲಾ ಅಂತೇನೋ ಕೇಳ್ತು. ಕನ್ನಡಕ ಇರಲಿಲ್ಲ. ಹೂಂ ಅಂದುಬಿಟ್ಟೆ."

ಮೂರು ತಿಂಗಳ ಅರವತ್ತೆರಡು ಮನೆಗಳು ಹೋಗಿದ್ದವು. ಗುರುಗಳ ಮುಖದಲ್ಲಿ ರಕ್ತವಿರಲಿಲ್ಲ. ಕಳ್ಳ ಸಿಕ್ಕರೂ ಅವರು ಒಸಾಕಾದ ರೈಲು ಹತ್ತುವುದು ತಪ್ಪುವಂತಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಇತ್ಸುಕೊ ತೊಮೆಕಿಚಿಯನ್ನೇ ನೋಡಿದಳು. "ಅಜ್ಜಾ, ಹಳೇ ಗುರುಗಳ ಜೊತೆ ನಲವತ್ತು ವರ್ಷ ಮನೆಮನೆ ತಿರುಗಿದವರು ಯಾರು?"

"ನಾನೇ."

"ಹೆಲ್ಮೆಟ್ ಇದೆಯಾ?"

* * *

ಹದಿಮೂರರ ಬೆಳಿಗ್ಗೆ ಆರಕ್ಕೆ ಬೈಕು ಬಿದಿರಿನ ಸಂದಿ ದಾಟಿ ತೊಮೆಕಿಚಿಯ ಮನೆ ಮುಂದೆ ನಿಂತಿತು. ಶೋಗೆನ್ ಗುರುಗಳು ಇನ್ನೂ ದಣಿಯದ ಗಂಟಲಿನಲ್ಲಿ ಸೂತ್ರ ಓದಿದರು. ಒಂದಕ್ಷರ ಬಿಡದೆ, ಆತುರವಿಲ್ಲದೆ, ಕಿಕುನೊ ಅವರ ಹೆಸರು ಹಿಡಿದು. ತೊಮೆಕಿಚಿ ಎಲ್ಲರ ಮುಂದೆಯೇ ಅತ್ತರು. ಆಮೇಲೆ ಅವರು ಮುಖ ಒರೆಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಗುರುಗಳ ಹಿಂದೆ ಕೂತರು.

ಮೂರು ದಿನ ಊರಿಗೆಲ್ಲ ಅವರ ಕೂಗು ಕೇಳಿತು. "ಎಡಕ್ಕೆ. ಎಡಕ್ಕೆ ಅಂದೆ ಕಣಯ್ಯಾ, ಅದು ಬಲ. ಇವರ ಅಪ್ಪ ಹೋಗಿ ಏಳು ವರ್ಷ. ಇಲ್ಲಿ ಚಹಾ ಬೇಡ ಅನ್ನು, ತುಂಬ ಕಹಿ." ತೊಕಿತಾ ಜಿಪಿಎಸ್ಸನ್ನು ಮತ್ತೆ ಡಬ್ಬಿಯಲ್ಲಿ ಕೂರಿಸಿದ್ದ. ಒಂದೊಂದು ಮನೆಯ ಮುಂದೆ ಗುರುಗಳು ಹೊಸದಾಗಿ ಗುರುತು ಹಾಕಿಕೊಂಡರು, ಜೊತೆಗೆ ಚೀಟಿಯಲ್ಲಿ ಆ ಮನೆಯ ತೀರಿಹೋದವರ ಹೆಸರನ್ನೂ. ಅರವತ್ತೆರಡು ಮನೆಯೂ ಮುಗಿಯಿತು. ಬದುಕಿದ್ದ ಯಾರಿಗೂ ಸೂತ್ರ ಓದಲಿಲ್ಲ.

ನಾನು ವರದಿಯಲ್ಲಿ 'ಕಳೆದ ವಸ್ತು, ಸಿಕ್ಕಿದೆ' ಎಂದಷ್ಟೇ ಬರೆದೆ. ಬರೆಸಿದ್ದು ಇತ್ಸುಕೊ.

ಇಪ್ಪತ್ತರಂದು ಸಭೆ ಸೇರಿತು. ಯಾರೋ ಕೇಳಿದರು, ಯಂತ್ರವಿಲ್ಲದೆ ಈ ಗುರುಗಳಿಗೆ ಊರಿನ ದಾರಿ ಗೊತ್ತೇ ಎಂದು. ತೊಮೆಕಿಚಿ ಎದ್ದು ನಿಂತರು. ಕೂಗಿ ಕೂಗಿ ದನಿ ಒಡೆದು ಹೋಗಿತ್ತು.

"ದಾರಿ ಅವರಿಗೆ ಗೊತ್ತಿಲ್ಲ. ಸೂತ್ರ ನನಗೆ ಗೊತ್ತಿಲ್ಲ. ನಾನಿರೋ ತನಕ ಇಬ್ಬರೂ ಒಂದೇ ಬೈಕಲ್ಲಿ ಬರ್ತೀವಿ. ಬೇಡ ಅನ್ನೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ.