ಗುಂಡು ವಾಲಿದ ಕಡೆ

“ಆ ಹಿಂದಿನ ಕೋಣೆಯಲ್ಲಿ ಮಾತ್ರ ತೂಕದ ಗುಂಡು ಬಿಡಬೇಡಪ್ಪ,” ಎಂದಳು ಸುಣ್ಣದಜ್ಜಿ. ಹೇಳುವಾಗ ಮೇಸ್ತ್ರಿಯ ಮುಖ ನೋಡಲಿಲ್ಲ. ಬ್ರಷ್ಷನ್ನು ಸುಣ್ಣದ ಬಕೆಟ್ಟಿಗೆ ಅದ್ದಿದವಳು ಎತ್ತದೆ ಹಾಗೇ ನಿಂತಳು.

ಮೇಸ್ತ್ರಿಗೆ ನಗು ಬಂತು. ಅರವತ್ತೊಂಬತ್ತು ತುಂಬಿದ ಮೇಲೆ ನಗು ಬರುವುದೇ ಅಪರೂಪ. ಬಂದದ್ದನ್ನು ತಡೆದುಕೊಳ್ಳುವ ಆಸಾಮಿಯೂ ಅವನಲ್ಲ.

“ಯಾಕಜ್ಜಿ, ಗುಂಡು ಬಿಟ್ರೆ ದೆವ್ವಕ್ಕೆ ನೆಗಡಿ ಆಗತ್ತಾ?”

“ಬೇರೆಯವರು ಬಿಟ್ಟರೆ ಏನೂ ಆಗಲ್ಲ. ಓರೆ ಗೋಡೆಗೆ ಗಾರೆ ಮೆತ್ತಿ ನೆಟ್ಟಗಿದೆ ಅಂತ ತೋರಿಸಿದ ಕೈ ಅಲ್ಲಿ ಗುಂಡು ಬಿಡಬಾರದು. ಮಾಟ ಇದೆ.”

“ಹಾಗಾದ್ರೆ ಈ ಊರಿನ ಒಬ್ಬ ಮೇಸ್ತ್ರಿನೂ ಒಳಗೆ ಹೋಗೋ ಹಾಗಿಲ್ಲ ಬಿಡು,” ಎಂದು ಅವನು ಒಳಗೆ ನಡೆದೇಬಿಟ್ಟ.

ಅವನಿಗಿದ್ದ ಅಡ್ಡಹೆಸರೇ ‘ನೆಟ್ಟಗಿನ ಮೇಸ್ತ್ರಿ’. ಅವನು ಎಬ್ಬಿಸಿದ ಗೋಡೆಗೆ ಒರಗಿ ನಿಂತರೆ ಗೂನು ಬೆನ್ನೂ ನೆಟ್ಟಗಾಗುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅದಕ್ಕೆಲ್ಲ ಕಾರಣ ಅವನ ಜೇಬಿನಲ್ಲಿದ್ದ ತೂಕದ ಗುಂಡು. ಹಿತ್ತಾಳೆಯದು, ಕೆಳಗೆ ಚೂಪು, ಮೇಲೆ ದಾರ. ಗೋಡೆಯ ತಲೆಯಿಂದ ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ಓರೆಯೋ ಎಂದು ಅದೇ ಹೇಳುತ್ತಿತ್ತು. ದೇವರು, ಸರ್ಕಾರ, ಡಾಕ್ಟರು, ಯಾರ ಮಾತನ್ನೂ ಪೂರ್ತಿ ನಂಬದ ಮನುಷ್ಯ ಆ ಗುಂಡನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ.

ಈ ಕಟ್ಟಡಕ್ಕೆ ಅವನು ಕಾಲಿಟ್ಟು ಮೂರೇ ದಿನ. ಅದು ಮೊದಲು ಧಾನ್ಯದ ಗೋದಾಮು, ಆಮೇಲೆ ಶಾಲೆ, ಆಮೇಲೆ ಯಾವುದೋ ಕಚೇರಿ. ಈಗ ಗ್ರಂಥಾಲಯ ಆಗಬೇಕಂತೆ. ನಕ್ಷೆ ಬರೆಯುವ ಮಗಳು ಹಿಡಿದು ತಂದ ಕೆಲಸ. ಇದೇ ನನ್ನ ಕೊನೆಯದು, ಇನ್ನು ಮೊಣಕಾಲು ಒಪ್ಪುವುದಿಲ್ಲ ಎಂದು ಅವನು ಅವಳಿಗೆ ಹೇಳಿಯಾಗಿತ್ತು.

ನಡುವಿನ ಕೋಣೆಯ ಗೋಡೆಯನ್ನು ಕರಣೆಯ ತುದಿಯಿಂದ ಕೆರೆದ. ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಮಕ್ಕಳು ಎತ್ತರ ಅಳೆದು ಗೀರಿದ ಗೆರೆಗಳು.

“ಚರಿತ್ರೆ ಅಂದ್ರೆ ಇಷ್ಟೇ ಕಣೇ,” ಎಂದ ಮಗಳಿಗೆ. “ಬಂದವರೆಲ್ಲ ಹಳೇದರ ಮೇಲೆ ಬಳಿದು ಹೋಗ್ತಾರೆ. ಕೆರೆದು ನೋಡೋರು ಯಾರೂ ಇಲ್ಲ.”

“ನೀನು ಕೆರೀತಿದೀಯಲ್ಲಪ್ಪ, ಸಾಕು ಬಿಡು. ಕಣ್ಣಿಗೆ ಬೀಳತ್ತೆ ಧೂಳು.”

ಅವಳು ಬೈದರೂ ಅವನಿಗೆ ಹಿತ. ಅವಳು ಹುಟ್ಟಿದ ವಾರವೇ ಅವಳ ತಾಯಿ ತೀರಿಕೊಂಡಳು. ಸಾಕಿದ್ದು ಮೇಸ್ತ್ರಿಯ ತಂಗಿ. ಮೂವತ್ತಾರು ವರ್ಷ ಕಳೆದರೂ ಆ ಒಂದು ವಾರ ಅವನಿಗೆ ಸರಿಯಾಗಿ ನೆನಪಾಗುತ್ತಿರಲಿಲ್ಲ, ನೆನಪಿಸಿಕೊಳ್ಳಲು ಅವನೂ ಹೋಗುತ್ತಿರಲಿಲ್ಲ. ಸಾವಿನ ಬಗ್ಗೆ ಯೋಚನೆ ಬಂದರೆ ಕೆಲಸದ ಮಾತಿಗೆ ತಿರುಗಿಸಿಬಿಡುತ್ತಿದ್ದ. ಮನೆ ಕಟ್ಟಿಸುವವರು ಮಂಚ ಒಳಗೆ ಹೋಗುವಷ್ಟು ಬಾಗಿಲು ಅಗಲ ಇರಲಿ ಎನ್ನುತ್ತಾರೆ. ಹೆಣ ಹೊರಗೆ ಬರುವಷ್ಟು ಇರಲಿ ಎಂದು ಯಾರೂ ಹೇಳುವುದಿಲ್ಲ. ಅದನ್ನು ಮೇಸ್ತ್ರಿಯೇ ತಿಳಿದುಕೊಂಡು ಬಿಡಬೇಕು.

ಅಷ್ಟರಲ್ಲಿ ತಂಗಿಯ ಫೋನು ಬಂತು. “ಅಣ್ಣಾ, ನಮ್ಮನೆ ಗೋಡೆಯ ಆ ಬಿರುಕು ಮತ್ತೆ ಬಾಯಿ ಬಿಟ್ಟಿದೆ. ಯಾವಾಗ ಬರ್ತೀಯಾ?”

“ಬರ್ತೀನಿ ಮಾರಾಯ್ತಿ. ಒಂದು ಕೈ ಗಾರೆ ಬಳಿದರಾಯ್ತು, ಏನು ಮಹಾ,” ಎಂದು ಇಟ್ಟ.

ಹಿಂದಿನ ಕೋಣೆಗೆ ಇದ್ದ ಒಂದೇ ಕಿಟಕಿಯನ್ನು ಯಾರೋ ಇಟ್ಟಿಗೆ ಇಟ್ಟು ಮುಚ್ಚಿದ್ದರು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ಒದ್ದೆ ಸುಣ್ಣದ ವಾಸನೆ, ಅದರಡಿಯಲ್ಲಿ ಇನ್ನೊಂದು, ಸುಟ್ಟ ಕೂದಲಿನಂಥದು. ಮೇಸ್ತ್ರಿ ಗೋಡೆಗೆ ಹತ್ತಿರದ ತೊಲೆಯ ಮೊಳೆಗೆ ದಾರ ಕಟ್ಟಿ ಗುಂಡನ್ನು ಇಳಿಬಿಟ್ಟ. ಅದು ಆಡಿತು. ನಿಧಾನವಾಯಿತು. ನಿಂತಿತು.

ಓರೆಯಾಗಿ ನಿಂತಿತು.

ಗೋಡೆ ಓರೆಯಾಗಿದ್ದರೂ ದಾರ ನೆಟ್ಟಗೇ ಇರಬೇಕು. ಇಲ್ಲಿ ದಾರವೇ ಬಾಗಿಲಿನ ಕಡೆಗೆ ವಾಲಿತ್ತು, ಯಾರೋ ಬೆರಳಲ್ಲಿ ಹಿಡಿದೆಳೆದ ಹಾಗೆ. ಬಾಗಿಲಲ್ಲಿ ಮಗಳು ಟೇಪು ಹಿಡಿದು ನಿಂತಿದ್ದಳು.

“ಗಾಳಿ ಇರ್ಬೇಕಪ್ಪ.”

“ಕಿಟಕಿನೇ ಇಲ್ವಲ್ಲೇ.”

ಗೋಡೆಯೊಳಗೆ ಕಬ್ಬಿಣ ಇರಬಹುದೇ? ಹಿತ್ತಾಳೆಯನ್ನು ಯಾವ ಕಬ್ಬಿಣ ಎಳೆಯುತ್ತದೆ! ಗುಂಡು ಬಿಚ್ಚಿ, ದಾರಕ್ಕೊಂದು ಕಲ್ಲು ಕಟ್ಟಿದ. ಕಲ್ಲೂ ವಾಲಿತು. ಮತ್ತೆ ಗುಂಡನ್ನೇ ಕಟ್ಟಿದ. ಮಗಳು ಅಳತೆ ಹಿಡಿಯಲು ಬಲಗಡೆಯ ಮೂಲೆಗೆ ಹೋದಳು. ಗುಂಡು ಬಲಕ್ಕೆ ತಿರುಗಿತು. ಅವಳು ಎಡಕ್ಕೆ ಬಂದಳು. ಅದೂ ಬಂತು.

ಮೇಸ್ತ್ರಿ ದಾರದಿಂದ ಒಂದು ಹೆಜ್ಜೆ ಹಿಂದೆ ಸರಿದ. “ಹೊರಗೆ ಹೋಗಿ ಕಟ್ಟಡದ ಸುತ್ತಳತೆ ತಗೊಂಡು ಬಾರೇ,” ಎಂದ. ಅವಳು ಹೋದಳು. ಹೊರಗಿನ ಜಲ್ಲಿಯ ಮೇಲೆ ಅವಳ ಚಪ್ಪಲಿಯ ಸದ್ದು ಗೋಡೆಯಾಚೆಗೆ ಸರಸರ ಸುತ್ತುತ್ತಿತ್ತು. ಒಳಗೆ, ಕತ್ತಲೆಯಲ್ಲಿ, ಗುಂಡಿನ ಚೂಪು ತುದಿ ಆ ಸದ್ದಿನ ಜೊತೆಗೇ ಸುತ್ತಿತು. ಸದ್ದು ನಿಂತಾಗ ನಿಂತಿತು. ಸದ್ದು ಹೊರಟಾಗ ಹೊರಟಿತು.

ಅವನು ದಾರ ಬಿಚ್ಚಿಕೊಂಡು ಹೊರಗೆ ಓಡಿಬಂದ. ಅಜ್ಜಿ ಅವನ ಕೈಯಲ್ಲಿ ಇನ್ನೂ ಓರೆಯಾಗಿ ತೂಗುತ್ತಿದ್ದ ಗುಂಡು ನೋಡಿ ಬ್ರಷ್ಷು ಕೆಳಗಿಟ್ಟಳು.

“ಯಾರ ಕಡೆಗೆ ವಾಲ್ತು?”

“ಮಗಳು.”

“ಎಷ್ಟು ಮಕ್ಕಳು ನಿನಗೆ?”

“ಅವಳೊಬ್ಬಳೇ.”

ಅಜ್ಜಿ ಮೆಟ್ಟಿಲ ಮೇಲೆ ಕುಸಿದಳು. ದನಿ ತಗ್ಗಿಸಿ ಹೇಳಿದಳು: “ಆ ಕೋಣೆಯ ಗೋಡೆ ಬಿದ್ದು ಸತ್ತವಳು ನನ್ನಕ್ಕ. ಇಟ್ಟಿಗೆ ಹೊರೋಳು. ಗೋಡೆ ವಾಲಿದೆ ಅಂತ ಅಂದಿನ ಮೇಸ್ತ್ರಿಗೆ ಗೊತ್ತಿತ್ತು. ಗಾರೆ ಮೆತ್ತಿ ಮುಚ್ಚಿದ್ದ. ನಮ್ಮಮ್ಮ ಅವನ ಗುಂಡಿನ ದಾರ ಕದ್ದು, ಅಕ್ಕನ ರಕ್ತದಲ್ಲಿ ಅದ್ದಿ, ಅಕ್ಕನ ಕೂದಲು ಸುಟ್ಟು ಸುತ್ತಿ, ಹೊಸಿಲ ಕೆಳಗೆ ಹೂತಳು. ಓರೆ ಮುಚ್ಚಿದ ಕೈ ಇಲ್ಲಿ ಗುಂಡು ಬಿಟ್ಟರೆ ಅದು ಅವನ ಕರುಳಿನ ಕುಡಿಯ ಕಡೆಗೇ ವಾಲಲಿ ಅಂದಳು. ಆ ಮೇಸ್ತ್ರಿ ಮತ್ತೆ ಬಂದು ಗುಂಡು ಬಿಟ್ಟ. ಮಗನ ಕಡೆಗೆ ವಾಲ್ತು. ನಾಲ್ಕನೇ ದಿನ ಗುಂಡು ನೆಟ್ಟಗಾಯ್ತು ಅಂತ ಕುಣಿದಾಡಿದ. ಆಗಲೇ ಅವನೇ ಮುಚ್ಚಿದ್ದ ಇನ್ನೊಂದು ಗೋಡೆ ಬಿದ್ದು ಸತ್ತ ಮಗನ ಹೆಣ ಬಂತು.”

“ಬಿಡಿಸೋಕೆ ದಾರಿ ಇಲ್ವಾ?”

“ಮುಚ್ಚಿದ್ದನ್ನ ಮುಚ್ಚಿದ ಕೈಯೇ ಬಿಚ್ಚಬೇಕು. ಬಿಚ್ಚಿದರೆ ದಾರ ತಾನಾಗೇ ಹರಿದು ಗುಂಡು ನೆಲಕ್ಕೆ ಬೀಳತ್ತೆ. ಬೀಳಲಿ ಅಂತ ಬೇಡಿಕೋ. ನೆಟ್ಟಗಾಗಲಿ ಅಂತ ಮಾತ್ರ ಬೇಡಿಕೋಬೇಡ. ಎಷ್ಟು ಗೋಡೆ ಮುಚ್ಚಿದೀಯಾ?”

“ಒಂದೇ,” ಎಂದ ಮೇಸ್ತ್ರಿ. ಸುಳ್ಳಲ್ಲ. ಹೆಂಡತಿ ಸತ್ತ ಆ ವಾರ ಕೆಲಸದವರು ನೋಡಿಕೊಳ್ಳುವವರಿಲ್ಲದೆ ಎಬ್ಬಿಸಿದ ಗೋಡೆ. ಎರಡು ಬೆರಳು ಓರೆ. ಒಡೆಸಿ ಮತ್ತೆ ಕಟ್ಟಿಸುವ ಚೈತನ್ಯ ಅವನಲ್ಲಿರಲಿಲ್ಲ. ಅಳುತ್ತಲೇ ಗಾರೆ ಮೆತ್ತಿದ್ದ. ಆ ವರ್ಷ ತನ್ನದೂ ತಂಗಿಯದೂ ಎರಡು ಮನೆ, ಒಂದೇ ನಕ್ಷೆಯಲ್ಲಿ, ಒಟ್ಟಿಗೇ ಎದ್ದಿದ್ದವು. ಓರೆಯಾದದ್ದನ್ನು ತಾನಿಟ್ಟುಕೊಂಡು ನೆಟ್ಟಗಿನದನ್ನು ತಂಗಿಗೆ ಕೊಟ್ಟೆ ಎಂಬ ಒಂದು ಸಮಾಧಾನ ಅವನಿಗೆ ಇವತ್ತಿಗೂ ಇತ್ತು. ಅಡುಗೆಮನೆ ಪಕ್ಕದ ಆ ಕೋಣೆಯಲ್ಲೇ ಈಗ ಮಗಳು ಮಲಗುತ್ತಿದ್ದಳು.

“ನಡಿ, ನೀನು ಅತ್ತೆ ಮನೆಗೆ ಹೋಗು,” ಎಂದ ಮಗಳಿಗೆ. “ನಿನ್ನ ಕೋಣೆ ಪ್ಲಾಸ್ಟರು ಒಡೀಬೇಕು. ನಾನು ಬರೋವರೆಗೂ ಅಲ್ಲಿಂದ ಕದಲಬೇಡ.”

“ಇದ್ದಕ್ಕಿದ್ದಂಗೆ ಏನಪ್ಪ ನಿಂದು?”

“ಹೇಳಿದಷ್ಟು ಕೇಳೇ, ಪುಟ್ಟಿ!”

ಅವನು ಪುಟ್ಟಿ ಎಂದು ಕರೆದು ವರ್ಷಗಳಾಗಿದ್ದವು. ಅವಳು ಅವನ ಮುಖ ನೋಡಿದಳು, ಹೊರಟಳು. ಗುಂಡು ಅವಳ ಬೆನ್ನಿನ ಕಡೆಗೆ ವಾಲಿಯೇ ಇತ್ತು.

ಮನೆಗೆ ಬಂದವನೇ ಕಿಟಕಿಯ ಸರಳಿಗೆ ಗುಂಡನ್ನು ಕಟ್ಟಿದ. ಅದು ಎರಡು ಬೀದಿ ಆಚೆಗಿನ ತಂಗಿಯ ಮನೆಯ ಕಡೆಗೆ ವಾಲಿತು. ಸರಿ, ಅವಳು ಅಲ್ಲಿದ್ದಾಳೆ, ಕ್ಷೇಮವಾಗಿದ್ದಾಳೆ. ಮಗಳ ಮಂಚ ಸರಿಸಿದ. ಚಾಣ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಏಟಿಗೇ ಭುಜ ಕಿತ್ತುಬಂದಂತಾಯಿತು. ಬಿಡಲಿಲ್ಲ. ಗಾರೆ ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಧೂಳು ಮೂಗು ತುಂಬಿತು, ಗಂಟಲು ಕಟ್ಟಿತು. ಅಂಗೈ ಒಡೆದು ಸುತ್ತಿಗೆಯ ಹಿಡಿ ಜಾರತೊಡಗಿತು. ಹರಿಯಲಿ ದಾರ. ಬೀಳಲಿ ಗುಂಡು. ಒಂದೊಂದು ಏಟಿಗೂ ತಿರುಗಿ ನೋಡಿದ. ಹರಿದಿರಲಿಲ್ಲ.

ಇಟ್ಟಿಗೆ ಕಂಡಿತು. ನೆಲದಿಂದ ತಲೆಯೆತ್ತರದವರೆಗೆ ಕಂಡಿತು. ಅವನು ನಿಂತ.

ಗಾರೆ ಎಲ್ಲ ಕಡೆಯೂ ಒಂದೇ ದಪ್ಪ. ಅರ್ಧ ಬೆರಳು. ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಓರೆ ಮುಚ್ಚಿದ ಗಾರೆ ಹಾಗಿರುವುದಿಲ್ಲ. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಇರುತ್ತದೆ. ಅವನು ಇಟ್ಟಿಗೆಯ ಮೇಲೆ ಅಂಗೈ ಆಡಿಸಿದ. ಅರ್ಧ ಶತಮಾನ ಗೋಡೆ ಮುಟ್ಟಿದ ಕೈ ಅದು. ಗೋಡೆ ನೆಟ್ಟಗಿತ್ತು. ಅವನ ಜೀವಮಾನದಲ್ಲೇ ಇಷ್ಟು ನೆಟ್ಟಗಿನ ಇನ್ನೊಂದು ಗೋಡೆ ಅವನು ಕಟ್ಟಿರಲಿಲ್ಲ.

ಆಗ ಆ ವಾರ ನೆನಪಾಯಿತು.

ಬಾಣಂತಿ ಕೋಣೆಯ ವಾಸನೆ. ಬಟ್ಟೆಯಲ್ಲಿ ಸುತ್ತಿದ ಕೂಸು ತಂಗಿಯ ತೋಳಲ್ಲಿ. ಅವನ ಕೈಯಲ್ಲಿ ಕರಣೆ. ಅವನು ಗಾರೆ ಮೆತ್ತುತ್ತಿದ್ದ ಗೋಡೆಯ ಆಚೆ ತಂಗಿಯ ಒಲೆ, ತಂಗಿಯ ಪಾತ್ರೆಗಳು. ತಂಗಿಯ ಮನೆ ಅದು. ಓರೆಯಾದದ್ದು ತಂಗಿಯ ಗೋಡೆ. ಹೆತ್ತವಳಿಲ್ಲದ ಕೂಸನ್ನು ಅವಳ ಮಡಿಲಿಗೆ ಹಾಕಿ, ಅವಳಿಗೇ ಓರೆ ಗೋಡೆಯನ್ನೂ ಕೊಟ್ಟಿದ್ದ. ಆ ನಾಚಿಕೆಯನ್ನು ತಾಳಲಾರದೆ ಮೂವತ್ತಾರು ವರ್ಷ ಅದನ್ನೇ ತಿರುಚಿ ನೆನಪಿಟ್ಟುಕೊಂಡಿದ್ದ. ಗೋಡೆಗೆ ಮೆತ್ತಿದ್ದಕ್ಕಿಂತ ದಪ್ಪ ಗಾರೆಯನ್ನು ತನ್ನ ತಲೆಯೊಳಗೆ ಮೆತ್ತಿಕೊಂಡಿದ್ದ.

ಬಿರುಕು. ಮತ್ತೆ ಬಾಯಿ ಬಿಟ್ಟಿದೆ.

ಮಗಳಿಗೆ ಫೋನು ಹಚ್ಚಿದ. ಅದು ಅದೇ ಕೋಣೆಯ ಮಂಚದ ಮೇಲೆ, ಧೂಳಿನಡಿ ಗುಂಯ್‌ಗುಡತೊಡಗಿತು. ಬೆಳಿಗ್ಗೆ ಮನೆಯಲ್ಲೇ ಮರೆತು ಹೋಗಿದ್ದಳು. ತಂಗಿಗೆ ಹಚ್ಚಿದ. ಗುಂಡನ್ನು ಸರಳಿನಿಂದ ಕಿತ್ತು ಬೀದಿಗೆ ಓಡಿದ. ಮೊಣಕಾಲು ಕತ್ತರಿಸಿದಂತೆ ನೋವು. ಒಂದು ಕೈಯಲ್ಲಿ ಫೋನು. ಇನ್ನೊಂದರಲ್ಲಿ ಗುಂಡು, ದಾರ ಬಿಗಿದು ಮುಂದಕ್ಕೆ ಜಗ್ಗುತ್ತಿತ್ತು. ನಾಯಿ ಮನೆಗೆ ಎಳೆಯುವ ಹಾಗೆ.

“ಏನಣ್ಣಾ?”

“ಎಲ್ಲಿದಾಳೆ ಅವಳು?”

“ಮಲಗಿದಾಳೆ. ತಲೆನೋವು ಅಂದ್ಲು. ಅಡುಗೆಮನೆ ಪಕ್ಕದ ಕೋಣೇಲಿ. ಚಿಕ್ಕವಳಿದ್ದಾಗಿಂದ ಅವಳಿಗೆ ಅದೇ ಜಾಗ ಅಲ್ವಾ…”

“ಎಬ್ಬಿಸು! ಹೊರಗೆ ಎಳ್ಕೊಂಡು ಬಾ! ಗೋಡೆ… ಆ ಗೋಡೆ ನಾನು…”

“ಉಸಿರು ಬಿಟ್ಟುಕೊಂಡು ಮಾತಾಡೋ. ಎಬ್ಬಿಸ್ತೀನಿ, ಇರು.”

ತಂಗಿಯ ಕಾಲಸಪ್ಪಳ ಫೋನಿನಲ್ಲಿ ಕೇಳಿತು. ಅವಳದು ಯಾವಾಗಲೂ ನಿಧಾನ. ಮೊದಲ ಬೀದಿ ದಾಟಿದ. ಎದುರಿಗೆ ಬಂದವರು ಬದಿಗೆ ಸರಿದರು. ಗುಂಡು ಜಗ್ಗುತ್ತಿತ್ತು. ಬದುಕಿದಾಳೆ. ಜಗ್ಗುತ್ತಿದೆ, ಬದುಕಿದಾಳೆ. ತಿರುವು ಬಂತು. ತಂಗಿಯ ಮನೆಯ ಹಸಿರು ಗೇಟು ಕಂಡಿತು. ಇಪ್ಪತ್ತು ಹೆಜ್ಜೆ. ಬಾಗಿಲು ತೆರೆದ ಕಿರುಗುಟ್ಟುವ ಸದ್ದು ಫೋನಿನಲ್ಲಿ. “ಪುಟ್ಟೀ,” ಎಂದಳು ತಂಗಿ, ಮೆಲ್ಲಗೆ, ಕೂಸನ್ನು ಎಬ್ಬಿಸುವ ದನಿಯಲ್ಲಿ. “ಏಳಮ್ಮ, ನಿಮ್ಮಪ್ಪ ಯಾಕೋ…”

ದಾರ ಸಡಿಲವಾಯಿತು.

ಹರಿಯಿತು, ಹರಿಯಿತು ಎಂದುಕೊಂಡು ಅವನು ಕೈಯೆತ್ತಿ ನೋಡಿದ. ಹರಿದಿರಲಿಲ್ಲ. ಅವನ ಕೈ ಗಡಗಡ ನಡುಗುತ್ತಿತ್ತು. ಗುಂಡು ನಡುಗಲಿಲ್ಲ. ಚೂಪು ತುದಿ ನೆಲದ ಕಡೆಗೆ, ನೆಟ್ಟಗೆ, ಅವನು ಜೀವಮಾನವಿಡೀ ಬಯಸಿದಷ್ಟು ನೆಟ್ಟಗೆ ನಿಂತಿತ್ತು.

ಆಮೇಲೆ ಹಸಿರು ಗೇಟಿನ ಒಳಗಿನಿಂದ ಗೋಡೆ ಕುಸಿದ ಸದ್ದು ಬಂತು.